ಫುಸಾಕೊಗೆ ಇಟ್ಟ ಅನ್ನ

ಶಿಮೊಹೊರಾ, ನಾಗಾನೊ
ಏಪ್ರಿಲ್ 12, 1979

ಹುಯಿಮಿನ್‌ಳ ಅಪ್ಪನಿಗೆ,

ಅಮ್ಮನನ್ನು ಹತ್ತಿರ ಕೂರಿಸಿಕೊಂಡು ಈ ಮೊದಲ ಹಾಳೆ ಮಾತ್ರ ಓದಿ ಹೇಳಿ. ಮಿಕ್ಕಿದ್ದು ನಿಮಗೆ. ಕಾಗದದ ದಪ್ಪ ನೋಡಿ ಅಮ್ಮ ಕೇಳಿಯೇ ಕೇಳುತ್ತಾಳೆ, ನಿಮ್ಮ ಶಾಲೆಯ ವಿಷಯ ಅಂತ ಏನಾದರೂ ಹೇಳಿ ತಪ್ಪಿಸಿಕೊಳ್ಳಿ.

ಅಮ್ಮ, ಸುಖವಾಗಿ ತಲುಪಿದೆ. ವಿಮಾನ ಬೀಳಲಿಲ್ಲ. ನೀನು ಹತ್ತಿ ತುಂಬಿ ಹೊಲಿದುಕೊಟ್ಟ ಅಂಗಿ ಇಲ್ಲಿಗೆ ಸ್ವಲ್ಪ ಸೆಕೆಯಾಗುತ್ತದೆ, ಆದರೂ ಬಿಚ್ಚಿಲ್ಲ. ಇಲ್ಲಿ ಮೂರು ಹೊತ್ತೂ ಬಿಳಿ ಅನ್ನ. ಅಣ್ಣ ಒಳ್ಳೆಯವನು, ಅತ್ತಿಗೆಯೂ ಒಳ್ಳೆಯವಳು. ಮನೆಯ ಹಿಂದೆ ಗುಡ್ಡದ ಮೇಲೆ ಸೇಬಿನ ತೋಟವಿದೆ. ನನಗೆ ಕೊಟ್ಟಿರುವುದು ಮೂರು ತಿಂಗಳ ರಹದಾರಿ. ಇರು ಎಂದರೂ ಇರುವ ಹಾಗಿಲ್ಲ, ಜುಲೈನಲ್ಲಿ ಬಂದುಬಿಡುತ್ತೇನೆ. ಎಲೆಕೋಸಿನ ಸಸಿ ನೆಡಲು ನೀನು ಬಗ್ಗಬೇಡ. ಅಳಿಯನಿಗೆ ಹೇಳು, ಅವರ ಬೆನ್ನು ಗಟ್ಟಿಯಿದೆ.

ಇನ್ನು ನಿಮಗೆ.

ನನಗೆ ಭಯವಾಗುತ್ತಿದೆ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದು ಬರೆಯುವುದು ಸುಲಭ.

ಮೊನ್ನೆ ಸಂಜೆ ವಿಮಾನ ಇಳಿಯಿತು. ಮೊನ್ನೆ ಸಂಜೆಯಿಂದ ನಿನ್ನೆ ಸಂಜೆಯವರೆಗೆ ಒಂದೇ ದಿನವೆಂದು ನನ್ನ ಲೆಕ್ಕ. ನಡುವೆ ನಿದ್ದೆ ಬಂದಿದ್ದರೆ ತಾನೆ ಎರಡು ದಿನ! ನೆಲ ಮುಟ್ಟಿದ ಕೂಡಲೇ ಒಂದು ಹೆಣ್ಣುದನಿ ಜಪಾನೀ ಮಾತಿನಲ್ಲಿ ಏನೋ ಹೇಳಿತು. ತುಂಬ ನಯವಾದ ದನಿ. ಆ ಭಾಷೆಯನ್ನು ನಾನು ಕೇಳಿರುವುದು ನಮ್ಮೂರ ಕಣದಲ್ಲಿ ಬಟ್ಟೆ ಕಟ್ಟಿ ತೋರಿಸುವ ಸಿನಿಮಾಗಳಲ್ಲಿ ಮಾತ್ರ. ಅಲ್ಲಿ ಆ ಮಾತು ಕೇಳಿಸಿದರೆ ಸಾಕು, ಯಾರದೋ ಮನೆಗೆ ಬೆಂಕಿ ಬಿತ್ತೆಂದೇ ಅರ್ಥ. ಚಿಕ್ಕವಳಿದ್ದಾಗ ನಾನೂ ಎಲ್ಲರ ಜೊತೆ ಹಲ್ಲು ಕಡಿದು ಬೈಯುತ್ತಿದ್ದೆ. ಮೊನ್ನೆ ವಿಮಾನದಲ್ಲಿ ಕೂತು, ಈ ಮಾತು ನನ್ನದು, ನನ್ನದು ಅಂತ ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡರೂ ಒಂದು ಪದವೂ ಒಳಗೆ ಇಳಿಯಲಿಲ್ಲ.

ರಹದಾರಿ ನೋಡುವ ಮೇಜಿನ ಹಿಂದೆ ಟೋಪಿ ಹಾಕಿದವನು ಕೂತಿದ್ದ. ನನ್ನ ಕೈ ತಾನಾಗಿಯೇ ಎರಡೂ ಪಕ್ಕಕ್ಕೆ ನೆಟ್ಟಗಾಯಿತು. ಹತ್ತು ವರ್ಷದ ಹಿಂದೆ ನನ್ನ ಕೊರಳಿಗೆ 'ಜಪಾನೀ ಗೂಢಚಾರಿಣಿ' ಎಂದು ಹಲಗೆ ನೇತುಹಾಕಿ ಶಾಲೆಯ ಮುಂದೆ ನಿಲ್ಲಿಸಿದ್ದರಲ್ಲ, ಆಗ ನಿಂತ ಹಾಗೆ. ಅವನು ಮುದ್ರೆ ಒತ್ತಿ ತಲೆ ಬಾಗಿಸಿದ. ಯಾರಿಗೆ ಬಾಗಿದ ಎಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಹೊರಗೆ ಬಂದರೆ ಅಣ್ಣನಿಲ್ಲ. ಅವನು ಕಳಿಸಿದ್ದ ಫೋಟೋ ಕೈಯಲ್ಲಿ ಹಿಡಿದು ಒಂದೊಂದೇ ಮುಖಕ್ಕೆ ಹೋಲಿಸುತ್ತಾ ನಿಂತೆ. ಹೋಗುವವರೆಲ್ಲ ನನ್ನ ನೀಲಿ ಅಂಗಿಯನ್ನೇ ನೋಡುತ್ತಿದ್ದರು. ಜನ ಕರಗುತ್ತಾ ಹೋದರು, ನೆಲ ಒರೆಸುವವಳು ನನ್ನ ಕಾಲಿನ ಸುತ್ತ ಒರೆಸಿಕೊಂಡು ಹೋದಳು. ಅವನು ಬಾರದಿದ್ದರೆ ವಾಪಸ್ಸು ಹೋಗುವುದು ಹೇಗೆಂದು ಕೇಳಲೂ ನನಗೆ ಭಾಷೆ ಬಾರದು ಎಂದು ಆಗ ಹೊಳೆಯಿತು.

ಅಷ್ಟು ಹೊತ್ತಿಗೆ ಹಿಂದಿನಿಂದ ನಮ್ಮ ಕಡೆಯ ಚೀನೀ ಮಾತು ಕೇಳಿಸಿತು. ನಮ್ಮ ಸಾನ್‌ಹೆತುನ್ ಸಂತೆಯಲ್ಲಿ ಕೂಗುವ ಹಾಗೆಯೇ.

"ಏಯ್, ಲಾನ್‌ಯಿಂಗ್ ಅಂದ್ರೆ ನೀನೇನಾ? ಆ ಕಡೆ ಬಾಗ್ಲಲ್ಲಿ ನಿಂತು ನಿಂತು ನನ್ನ ಕಾಲು ಬಿದ್ದೋಯ್ತು!"

ಅರವತ್ತರ ಹತ್ತಿರದ ಕುಳ್ಳ ಹೆಂಗಸು. ಹೆಸರು ಕಿಕುಯೆ. ಅಣ್ಣನ ಊರಿನವರೇ. ಯುದ್ಧಕ್ಕೆ ಮುಂಚೆ ನೆಲ ಸಿಗುತ್ತದೆ ಎಂದು ನಮ್ಮ ಕಡೆಗೆ ವಲಸೆ ಬಂದ ಗುಂಪಿನಲ್ಲಿ ಇವರೂ ಇದ್ದರಂತೆ. ಜಪಾನ್ ಸೋತ ಮೇಲೆ ಎಂಟು ವರ್ಷ ಅಲ್ಲೇ ಸಿಕ್ಕಿಬಿದ್ದು ಬಟ್ಟೆ ಗಿರಣಿಯಲ್ಲಿ ದುಡಿದು ವಾಪಸ್ಸು ಬಂದವರು.

"ನನ್ನ ಅಣ್ಣ?"

"ಹೊಟ್ಟೆನೋವಂತೆ."

"ನಿಜವಾಗ್ಲೂ ಹೊಟ್ಟೆನೋವಾ?"

ಅವರು ನನ್ನ ಚೀಲ ಎತ್ತಿಕೊಂಡು ಮುಂದೆ ನಡೆದರು. ಬಸ್ಸಿನಲ್ಲಿ ಕೂತ ಮೇಲೆ ಹೇಳಿದರು: "ನಂಗೆ ಸುಳ್ಳು ಹೇಳಕ್ಕೆ ಬರಲ್ಲ ಕಣೆ. ಅವ್ನು ಸ್ಟೇಷನ್ ತನಕ ಬಂದಿದ್ದ. ಟಿಕೆಟ್ಟೂ ತಗೊಂಡಿದ್ದ. ರೈಲು ಬಂದು ನಿಂತಾಗ ಟಿಕೆಟ್ ನನ್ನ ಕೈಗೆ ತುರುಕಿ ಹೊರಟೋದ."

ರಾತ್ರಿ ಟೋಕಿಯೊದ ಒಂದು ಸಣ್ಣ ವಸತಿಗೃಹದಲ್ಲಿ ಕಳೆದು, ನಿನ್ನೆ ಬೆಳಿಗ್ಗೆ ರೈಲು ಹತ್ತಿದೆವು. ಸುರಂಗ, ನದಿ, ಮತ್ತೆ ಸುರಂಗ. ಪ್ರತಿ ಸುರಂಗದಲ್ಲೂ ಕಿಟಕಿಯ ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸರ ಮುಖದ ಜೊತೆ ಹೋಲಿಸಿ ನೋಡಿದೆ. ಒಂದು ಸುರಂಗದಲ್ಲಿ ಹೌದು ಅನಿಸಿತು, ಇನ್ನೊಂದರಲ್ಲಿ ಅಲ್ಲ ಅನಿಸಿತು.

ಮಧ್ಯಾಹ್ನ ಊರು ಮುಟ್ಟಿದೆವು. ಅಣ್ಣ ತೋಟದಲ್ಲಿ ಏಣಿಯ ಮೇಲೆ ನಿಂತು ಕೊಂಬೆ ಕತ್ತರಿಸುತ್ತಿದ್ದ. ಕಿಕುಯೆ ಕೂಗಿದರು. ಅವನು ಇಳಿದು ಬರಲು ಎಷ್ಟು ಹೊತ್ತು ತೆಗೆದುಕೊಂಡ ಎಂದರೆ, ನಾನು ಏಣಿಯ ಮೆಟ್ಟಿಲು ಎಣಿಸಿದೆ. ಏಳೇ ಇದ್ದವು. ನಲವತ್ತಾರು ವರ್ಷ, ತಲೆ ಪೂರ್ತಿ ಬೆಳ್ಳಗಾಗಿದೆ. ಅವನು ನನ್ನ ಮುಖ ನೋಡಲಿಲ್ಲ.

"ತೋಳು ತೋರ್ಸು," ಎಂದರು ಕಿಕುಯೆ.

ಅಂಗಿಯ ಎಡತೋಳು ಮಡಚಿ ಮೊಣಕೈ ಮೇಲಿನ ಸುಟ್ಟ ಕಲೆ ತೋರಿಸಿದೆ. ನೀವು ನನ್ನ ಬಗ್ಗೆ ವಿಚಾರಿಸಿ ಬರೆದಾಗ ಮೊದಲು ಬರೆದದ್ದೇ ಈ ಕಲೆಯ ಬಗ್ಗೆಯಲ್ಲವೇ? ಅವನು ನೋಡಿದ. ನೋಡಿ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ. ಆಮೇಲೆ ಎದ್ದು, ಪ್ಯಾಂಟು ಕೊಡವಿಕೊಂಡು, ಒಂದು ಮಾತು ಹೇಳಿದ.

"ಏನಂದ?" ಎಂದು ಕೇಳಿದೆ.

"ಹೊರ್ಗೆ ಚಳಿ, ಒಳಗ್ ಬರ್ಲಿ ಅಂದ."

ಮೂವತ್ನಾಲ್ಕು ವರ್ಷದ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು ಅದು. ಆವತ್ತಿಗೆ ಕೊನೆಯ ಮಾತೂ ಅದೇ.

ಒಳಗೆ ಒಂದು ಕೋಣೆಯಲ್ಲಿ ಸತ್ತವರ ಗೂಡು ಇದೆ, ಕಪ್ಪು ಮರದ್ದು. ಅತ್ತಿಗೆ ಸಾಚಿಯೊ ಸಂಜೆ ಊದುಬತ್ತಿ ಹಚ್ಚಿ ಮೂರು ಪುಟ್ಟ ಬಟ್ಟಲಲ್ಲಿ ಬಿಸಿ ಅನ್ನ ಇಟ್ಟಳು. ಅಲ್ಲಿ ಸತ್ತವರ ಹೆಸರು ಬರೆದ ಮೂರು ಫಲಕಗಳಿದ್ದವು. ನಾನೂ ಕೂತು ತಲೆ ಬಾಗಿಸಿದೆ. ಯಾರು ಯಾರು ಎಂದು ಕಿಕುಯೆಯನ್ನು ಕೇಳಿದೆ.

"ಇದು ನಿಮ್ಮಪ್ಪ. ಇದು ನಿಮ್ಮಮ್ಮ, ಹೋಗಿ ಎಂಟು ವರ್ಷ ಆಯ್ತು. ಇದು..." ಎಂದು ನಿಲ್ಲಿಸಿದರು.

"ಇದು?"

"ಇದು ನೀನು."

ಫುಸಾಕೊ, ಮೂರು ವರ್ಷ, ಆಗಸ್ಟ್ 1945. ಅಕ್ಷರಗಳಲ್ಲಿ ಚಿನ್ನದ ಬಣ್ಣ ಇನ್ನೂ ಮಾಸಿಲ್ಲ. ಅತ್ತಿಗೆಗೆ ಆಗ ನೆನಪಾಯಿತು ಅಂತ ಕಾಣುತ್ತದೆ, ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಾಪ, ದಿನವೂ ಮೂರು ಬಟ್ಟಲು ಇಡುವ ಕೈ, ನಿನ್ನೆಯೂ ಇಟ್ಟಿತು. ತಿರುಗಿ ನೋಡಿದರೆ ಅಣ್ಣ ಕೋಣೆಯಲ್ಲಿಲ್ಲ. ಮತ್ತೆ ತೋಟಕ್ಕೆ ಹೋಗಿದ್ದಾನೆ.

ಇಟ್ಟ ಅನ್ನವನ್ನು ಆಮೇಲೆ ಮನೆಯವರು ತಿನ್ನುವುದು ಇಲ್ಲಿಯ ಪದ್ಧತಿ. ಎರಡು ಬಟ್ಟಲನ್ನು ಅತ್ತಿಗೆ ಒಳಗೆ ಒಯ್ದಳು. ಮೂರನೆಯದನ್ನು ಹಿಡಿದು, ಏನು ಮಾಡುವುದೋ ತಿಳಿಯದೆ, ನನ್ನ ಮುಂದೆ ಇಟ್ಟಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ತಿಂದೆ.

ಇದನ್ನು ಅಮ್ಮನಿಗೆ ಹೇಳಬೇಡಿ.

ನಿಮ್ಮ
ಲಾನ್‌ಯಿಂಗ್

*

ಸಾನ್‌ಹೆತುನ್
ಏಪ್ರಿಲ್ 29, 1979

ಲಾನ್‌ಯಿಂಗ್,

ನೀನು ಹೇಳಿದ ಹಾಗೆ ಮೊದಲ ಹಾಳೆ ಮಾತ್ರ ಓದಿದೆ. ಅಮ್ಮ ತಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಪಕ್ಕದಲ್ಲೇ ಕೂತಿದ್ದಾಳೆ. ಬರೆಯುತ್ತಿದ್ದೇನೆ.

"ಏನೇ, ಅಣ್ಣ ಒಳ್ಳೇವ್ನು ಅತ್ತಿಗೆ ಒಳ್ಳೇವ್ಳು ಅಂತ ಬರ್ದಿದೀಯ. ಒಂದೇ ದಿನಕ್ಕೆ ಹೆಂಗೆ ಗೊತ್ತಾಯ್ತು? ನಿನ್ನ ಗಂಡ ಒಳ್ಳೇವ್ನು ಅಂತ ಗೊತ್ತಾಗಕ್ಕೆ ನಂಗೆ ಆರು ವರ್ಷ ಹಿಡೀತು. ಅಂಗಿ ಬಿಚ್ಬೇಡ. ಪರದೇಶದ ಗಾಳಿ ಬೆನ್ನಿಗೆ ಹೊಡೀತದೆ. ಎಲೆಕೋಸು ನಾನೇ ನೆಟ್ಟೆ, ಇವ್ನು ನೆಟ್ಟಿದ್ದು ಸೊಟ್ಟಗಿತ್ತು, ಎಲ್ಲ ಕಿತ್ತು ಮತ್ತೆ ನೆಟ್ಟೆ. ಹುಯಿಮಿನ್ ದಿನಾ ನಿನ್ನ ದಿಂಬು ತಗೊಂಡು ಮಲಗ್ತಾಳೆ.

"ಆ ಹುಡ್ಗ ಏನಾದ್ರೂ ಹೇಳಿದ್ನಾ? ನಿಮ್ಮಣ್ಣ? ನನ್ನ ವಿಷ್ಯ ಏನಾದ್ರೂ ಕೇಳಿದ್ನಾ? ಕೇಳಿದ್ರೆ ವಯಸ್ಸಾಗದೆ, ಏನೂ ನೆನಪಿಲ್ಲ ಅಂತ ಹೇಳು. ಅವ್ನು ಏನಾದ್ರೂ ಅಂದ್ರೆ ನಂಬ್ಬೇಡ. ಹನ್ನೆರಡು ವರ್ಷದ ಹುಡ್ಗಂಗೆ ಏನ್ ಸರಿಯಾಗಿ ನೆನಪಿರತ್ತೆ? ಜುಲೈ ಅಂದ್ರೆ ಜುಲೈ. ಒಂದು ದಿನ ಹೆಚ್ಚು ಕಮ್ಮಿ ಆಗ್ಬಾರ್ದು. ಅಷ್ಟೇ. ಮುಗೀತು ಅಂತ ಬರಿ."

ಇಷ್ಟು ಹೇಳಿ ಹಿತ್ತಲಿಗೆ ಹೋದಳು. ಇನ್ನು ನಾನು ಬರೆಯುವುದು. ನೀನು ಹೋದಾಗಿನಿಂದ ಅಮ್ಮ ಸರಿಯಾಗಿ ಉಣ್ಣುತ್ತಿಲ್ಲ. ನೀನು ಬರುವುದಿಲ್ಲವೆಂಬ ಹೆದರಿಕೆ ಇರಬೇಕು ಅಂದುಕೊಂಡಿದ್ದೆ. ಅದೊಂದೇ ಅಲ್ಲ. ಅಂಚೆಯವನು ಬಂದರೆ "ಜಪಾನಿಂದ ಬಂದಿದೆಯಾ, ಯಾರು ಬರ್ದಿರೋದು, ಅವಳಾ ಅವನಾ?" ಎಂದು ಕೇಳುತ್ತಾಳೆ. ನಿನ್ನ ಕೈಬರಹ ಎಂದು ತೋರಿಸಿದ ಮೇಲೇ ಉಸಿರು ಬಿಡುವುದು. ಏನಮ್ಮ ಭಯ ನಿಮಗೆ ಎಂದು ಕೇಳಿದ್ದಕ್ಕೆ ಸೌಟು ಎಸೆದಳು.

ಫಲಕದ ಮುಂದಿನ ಅನ್ನ ತಿಂದದ್ದು ಓದಿ ನಾನು ಸುಮಾರು ಹೊತ್ತು ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದೆ. ತಿಂದದ್ದು ಒಳ್ಳೆಯದಾಯಿತು.

ವೆನ್‌ಹಾನ್

*

ಶಿಮೊಹೊರಾ
ಮೇ 16, 1979

ಹುಯಿಮಿನ್‌ಳ ಅಪ್ಪನಿಗೆ,

ಅಮ್ಮನಿಗೆ ಬೇರೆ ಹಾಳೆ ಇಟ್ಟಿದ್ದೇನೆ, ಸೇಬಿನ ಹೂವಿನ ವಿಷಯ ಬರೆದಿದ್ದೇನೆ.

ಇಲ್ಲಿ ಬಂದು ಒಂದು ತಿಂಗಳು ದಾಟಿತು. ಅಣ್ಣ ನನ್ನ ಜೊತೆ ಮಾತಾಡುವುದಿಲ್ಲ. ಭಾಷೆ ಇಲ್ಲ ಎನ್ನುವುದು ಸರಿ, ಆದರೆ ಕಿಕುಯೆ ಪಕ್ಕದಲ್ಲಿದ್ದಾಗಲೂ ಮಾತಾಡುವುದಿಲ್ಲ. ಬೆಳಿಗ್ಗೆ ತೋಟದಲ್ಲಿ ಹೂವು ಕೀಳುತ್ತೇವೆ. ಗೊಂಚಲಿಗೆ ಒಂದು ಬಿಟ್ಟು ಉಳಿದದ್ದೆಲ್ಲ ಕಿತ್ತು ಹಾಕಬೇಕು. ಅವನು ಒಂದು ಮರದಲ್ಲಿ, ನಾನು ಪಕ್ಕದ್ದರಲ್ಲಿ. ನಾನು ಕೆಳಗೆ ಇಳಿದರೆ ಅವನು ಮೇಲೆ ಹತ್ತುತ್ತಾನೆ.

ಊರಲ್ಲಿ ಮಾತು ಶುರುವಾಗಿದೆ. ಅಂಗಡಿಯಲ್ಲಿ ನಾನು ಕಾಲಿಟ್ಟರೆ ಹೆಂಗಸರು ಸುಮ್ಮನಾಗುತ್ತಾರೆ. ಏನೆನ್ನುತ್ತಾರೆ ಎಂದು ಕಿಕುಯೆಯನ್ನು ಪೀಡಿಸಿದೆ. "ತೋಟದಲ್ಲಿ ಪಾಲು ಕೇಳಕ್ಕೆ ಬಂದಿದಾಳೆ, ಕಲೆ ಯಾರ್ ಬೇಕಾದ್ರೂ ಸುಟ್ಕೋಬೋದು ಅಂತಾರೆ. ಅವ್ರ ಬಾಯಿಗೆ ಮಣ್ಣು ಹಾಕ, ತಲೆ ಕೆಡಿಸ್ಕೋಬೇಡ," ಎಂದರು.

ಪುರಸಭೆಯ ಕಚೇರಿಗೂ ಹೋಗಿದ್ದೆವು. ಅಲ್ಲಿನ ದಾಖಲೆಯಲ್ಲಿ ನಾನು ಸತ್ತಿದ್ದೇನೆ. ಅದನ್ನು ಹೊಡೆದುಹಾಕಬೇಕಾದರೆ ಅಣ್ಣ ಒಂದು ಅರ್ಜಿಗೆ ಸಹಿ ಮಾಡಬೇಕು. ಅರ್ಜಿ ತಂದು ಮೂರು ವಾರವಾಯಿತು, ಅವನ ಮೇಜಿನ ಖಾನೆಯಲ್ಲಿದೆ. ಸಹಿ ಇಲ್ಲ. ಊರಿನ ಮೇಲಿನ ದಿಬ್ಬದಲ್ಲಿ ಸಮಾಧಿಗಲ್ಲಿದೆ, ಅದರ ಮೇಲೂ ನನ್ನ ಹೆಸರಿದೆ. ಅದನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು.

ನನಗೆ ಈಗ ಬೇರೊಂದು ಭಯ ಹುಟ್ಟಿದೆ. ನಾನು ಅವಳಲ್ಲದಿದ್ದರೆ? ಆ ಆಗಸ್ಟಿನಲ್ಲಿ ಓಡಿಹೋದ ಜಪಾನೀಯರ ಎಷ್ಟೋ ಮಕ್ಕಳು ದಾರಿಯಲ್ಲಿ ಉಳಿದವು. ನಿಮಗೂ ನನಗೂ ಗೊತ್ತಿರುವುದು ಒಂದು ಕಲೆ, ಒಂದು ಊರು, ಒಂದು ತಿಂಗಳು. ಅಲ್ಲಿ ಹತ್ತು ವರ್ಷ ಜಪಾನಿಯವಳು ಅಂತ ಉಗುಳಿಸಿಕೊಂಡೆ. ಇಲ್ಲಿ ಚೀನಾದವಳು ಎಂದು ಅಂಗಡಿಯಲ್ಲಿ ಬೆನ್ನು ತಿರುಗಿಸುತ್ತಾರೆ. ಅವಳೂ ಅಲ್ಲದಿದ್ದರೆ ನಾನು ಯಾರು?

ನಿನ್ನೆ ತಡೆಯಲಾಗಲಿಲ್ಲ. ಊಟದ ಹೊತ್ತಿಗೆ ಕಿಕುಯೆಯನ್ನು ಕೂರಿಸಿಕೊಂಡು ಅಣ್ಣನಿಗೆ ಹೇಳಿಸಿದೆ: "ನಾನು ನಿಮ್ಮ ತಂಗಿ ಅಲ್ಲ ಅನ್ನಿಸಿದ್ರೆ ಹೇಳಿಬಿಡಿ. ನಾಳೇನೇ ಹೋಗ್ತೀನಿ. ನಂಗೆ ತೋಟ ಬೇಡ, ಏನೂ ಬೇಡ."

ಅವನು ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಸಮನಾಗಿ ಇಟ್ಟ. ಆಮೇಲೆ ಹೇಳಿದ್ದನ್ನು ಕಿಕುಯೆ ತಕ್ಷಣ ನನಗೆ ಹೇಳಲಿಲ್ಲ. ಎರಡು ಸಲ ಕೇಳಿದ ಮೇಲೆ ಹೇಳಿದರು.

"'ಅವ್ಳೇ. ಕಷ್ಟ ಇರೋದೇ ಅಲ್ಲಿ' ಅಂದ."

ಲಾನ್‌ಯಿಂಗ್

*

ಶಿಮೊಹೊರಾ
ಮೇ 24, 1979

ಫುಸಾಕೊ,

ಒಂದೇ ಸೂರಿನ ಕೆಳಗೆ ಇದ್ದು ಕಾಗದ ಬರೆಯುತ್ತಿದ್ದೇನೆ. ಕಿಕುಯೆ ಅಕ್ಕ ನಾನು ಹೇಳಿದ್ದನ್ನು ನಿನ್ನ ಭಾಷೆಗೆ ತಿರುಗಿಸಿ ಬರೆಯುತ್ತಿದ್ದಾರೆ. ನೀನು ಓದುವಾಗ ನಾನು ಮನೆಯಲ್ಲಿರುವುದಿಲ್ಲ. ತೋಟದಲ್ಲಿರುತ್ತೇನೆ. ಓದಿದ ಮೇಲೆ ನನ್ನ ಹತ್ತಿರ ಬರಬೇಕೆಂದೇನೂ ಇಲ್ಲ.

ಅಪ್ಪನನ್ನು ಆ ಬೇಸಿಗೆಯಲ್ಲಿ ಸೈನ್ಯಕ್ಕೆ ಎಳೆದುಕೊಂಡು ಹೋಗಿದ್ದರು, ತಿರುಗಿ ಬರಲಿಲ್ಲ. ಆಗಸ್ಟಿನಲ್ಲಿ ರಷ್ಯದವರು ಗಡಿ ದಾಟಿದರೆಂದು ಸುದ್ದಿ ಬಂತು. ನಮ್ಮ ಗುಂಪಿನಲ್ಲಿ ಹೆಂಗಸರು, ಮುದುಕರು, ಮಕ್ಕಳು ಮಾತ್ರ. ಹಗಲು ಜೋಳದ ಹೊಲದಲ್ಲಿ ಅಡಗಿ, ಕತ್ತಲಾದ ಮೇಲೆ ನಡೆಯುತ್ತಿದ್ದೆವು. ಮಕ್ಕಳು ಅಳುತ್ತಿದ್ದವು. ಅಳು ಕೇಳಿಸಿದರೆ ಎಲ್ಲರೂ ಸಾಯುತ್ತೇವೆಂದು ಗುಂಪಿನ ಹಿರಿಯರು ಒಂದು ಸಂಜೆ ನದಿಯ ದಂಡೆಯಲ್ಲಿ ತೀರ್ಮಾನ ಹೇಳಿದರು. ಐದು ವರ್ಷದ ಒಳಗಿನವರನ್ನು ಅವರವರ ತಾಯಂದಿರೇ ನೀರಿಗೆ ಬಿಡಬೇಕು ಎಂದು.

ಕಿಕುಯೆ ಅಕ್ಕನಿಗೂ ಆಗ ಒಂದು ಕೂಸಿತ್ತು. ಇದನ್ನು ಬರೆಯುತ್ತಾ ಅವರು ಪೆನ್ನು ನಿಲ್ಲಿಸಿಲ್ಲ.

ಅಮ್ಮ ನಿನ್ನನ್ನು ನೀರಿನ ತನಕ ಎತ್ತಿಕೊಂಡು ಹೋದಳು. ವಾಪಸ್ಸು ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಆಮೇಲೆ ನಿನ್ನನ್ನು ನನ್ನ ಬೆನ್ನಿಗೆ ಕಟ್ಟಿದಳು. "ನನ್ ಕೈಲಿ ಆಗಲ್ಲ. ನೀನ್ ಮಾಡು ತಮೋತ್ಸು," ಎಂದಳು.

ನಾನು ಕೈ ಹಿಂದೆ ಚಾಚಿ ನಿನ್ನ ಬಾಯಿ ಮುಚ್ಚಿ ಹಿಡಿದು, ನದಿಯ ದಂಡೆ ಹಿಡಿದು ನಡೆದೆ. ನೀರಿಗೆ ಇಳಿಯಲಿಲ್ಲ. ಒಂದು ಹಳ್ಳಿ ಸಿಕ್ಕಿತು. ಕೊನೆಯ ಮನೆಯಲ್ಲಿ ದೀಪವಿತ್ತು. ಬಾಗಿಲ ಮುಂದೆ ನಿನ್ನನ್ನು ಇಳಿಸಿ, ಬಾಗಿಲು ಬಡಿದು, ಓಡಿದೆ. ಬಾಗಿಲು ತೆರೆದ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ವಾಪಸ್ಸು ಬಂದು ಅಮ್ಮನಿಗೆ "ಆಯ್ತು" ಎಂದೆ.

ಅವಳು ಒಂದು ಮಾತೂ ಕೇಳಲಿಲ್ಲ. ಆವತ್ತೂ ಇಲ್ಲ, ಇಲ್ಲಿಗೆ ಬಂದ ಮೇಲೂ ಇಲ್ಲ. ಪ್ರತಿ ದಿನ ನಿನ್ನ ಬಟ್ಟಲಿಗೆ ಅವಳೇ ಅನ್ನ ಇಡುತ್ತಿದ್ದಳು. ಇಪ್ಪತ್ತೈದು ವರ್ಷ. ಸಾಯುವ ಹಿಂದಿನ ವಾರ ನನ್ನನ್ನು ಹತ್ತಿರ ಕರೆದು ಒಂದೇ ಒಂದು ಪ್ರಶ್ನೆ ಕೇಳಿದಳು.

"ನೀರು ತಣ್ಣಗಿತ್ತೇನೋ?"

"ಇಲ್ಲಮ್ಮ. ಆಗಸ್ಟ್ ಅಲ್ವಾ," ಎಂದೆ.

ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀ. ನೀನು ಬದುಕಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದು ತಿಳಿದಿದ್ದೆ. ಹೇಗೆ ಎಂದು ಮಾತ್ರ ಕೇಳಬೇಡ. ಹೇಗಾದರೂ ಸತ್ತೆ ಎಂದ ಮೇಲೆ, ನೀರಿನಲ್ಲೋ ನೆಲದಲ್ಲೋ ಎಂದು ಅಮ್ಮನಿಗೆ ಹೇಳಿ ಏನಾಗಬೇಕಿತ್ತು?

ಹೋದ ವರ್ಷ ನಿನ್ನ ಗಂಡನ ಕಾಗದ ಬಂದಾಗ ನೀನು ಬದುಕಿದ್ದೀಯ ಎಂದು ಸಂತೋಷಪಟ್ಟೆ ಎಂದು ಬರೆದರೆ ಅರ್ಧ ಸುಳ್ಳು. ನಾನು ಹೆದರಿದೆ. ವಿಮಾನ ನಿಲ್ದಾಣಕ್ಕೆ ಬರಲು ಆಗದಿದ್ದದ್ದೂ ಅದಕ್ಕೇ. ನಿನ್ನ ಮುಖ ನೋಡಿದರೆ ಅಮ್ಮನ ಮುಖ. ಅದೇ ಗಲ್ಲ, ಅದೇ ಹುಬ್ಬು. ಆ ಮುಖಕ್ಕೆ ನಾನು ಒಂದು ಸಲ "ಆಯ್ತು" ಎಂದು ಹೇಳಿದ್ದೇನೆ.

ಅರ್ಜಿಗೆ ಸಹಿ ಹಾಕಿದ್ದೇನೆ. ಈ ಕಾಗದದ ಕೆಳಗೆ ಇದೆ.

ಶಿಯೋಜಾವಾ ತಮೋತ್ಸು

*

ಶಿಮೊಹೊರಾ
ಮೇ 27, 1979

ಅಮ್ಮ,

ಈ ಸಲ ಎಲ್ಲ ಹಾಳೆಯನ್ನೂ ನಿನಗೆ ಓದಿ ಹೇಳಲು ಅಳಿಯನಿಗೆ ಹೇಳಿದ್ದೇನೆ. ಅಣ್ಣನ ಕಾಗದವನ್ನೂ ನಕಲು ಮಾಡಿ ಇಟ್ಟಿದ್ದೇನೆ. ಮೊದಲು ಅದನ್ನು ಕೇಳು.

ಅದನ್ನು ಓದಿದ ಮೇಲೆ ನಾನು ತೋಟಕ್ಕೆ ಹೋದೆ. ಅವನು ಮರದ ಕೆಳಗೆ ಕೂತಿದ್ದ. ಪಕ್ಕದಲ್ಲಿ ಕೂತೆ. ಇಬ್ಬರಿಗೂ ಒಂದು ಮಾತೂ ಬರುವುದಿಲ್ಲವಲ್ಲ! ನಾನು ಚೀನೀ ಮಾತಿನಲ್ಲಿ ಬೈದೆ, ಅತ್ತೆ, ಮತ್ತೆ ಬೈದೆ. ಅವನು ಎಲ್ಲದಕ್ಕೂ "ಹಾಯ್, ಹಾಯ್" ಎನ್ನುತ್ತಿದ್ದ. ಇಲ್ಲಿ ಹೌದು ಎನ್ನುವುದಕ್ಕೆ ಹಾಗನ್ನುತ್ತಾರೆ. ಕತ್ತಲಾಗುವ ಮುಂಚೆ ಅತ್ತಿಗೆ ಬಂದು ಇಬ್ಬರನ್ನೂ ಎಬ್ಬಿಸಿಕೊಂಡು ಹೋದಳು.

ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ನಾನು ಸತ್ತಿದ್ದೇನೆ ಎಂದು ಅವನಿಗೆ ಹೇಗೆ ಗೊತ್ತಿತ್ತು? ಕಿಕುಯೆಗೂ ಅದನ್ನು ಹೇಳಿಲ್ಲ. ಎಷ್ಟು ಕೇಳಿದರೂ ತಲೆ ಅಲ್ಲಾಡಿಸುತ್ತಾನೆ.

ಅಮ್ಮ, ನೀನು ಯಾಕೆ ಹೆದರುತ್ತಿದ್ದೀಯ? ಅವನು ಏನು ಹೇಳಿದರೂ ನಂಬಬೇಡ ಎಂದು ಯಾಕೆ ಬರೆಸಿದೆ? ಉತ್ತರ ಬೇಕು, ಬೇಡ, ಎರಡೂ ಅನಿಸುತ್ತಿದೆ.

ನಿನ್ನ ಮಗಳು
ಲಾನ್‌ಯಿಂಗ್

*

ಸಾನ್‌ಹೆತುನ್
ಜೂನ್ 13, 1979

ಶಿಯೋಜಾವಾ ತಮೋತ್ಸು ಅವರಿಗೆ,

ನಮ್ಮ ಅತ್ತೆ ಹೇಳಿದ್ದನ್ನು ಒಂದು ಅಕ್ಷರವೂ ಬದಲಿಸದೆ ಬರೆಯುತ್ತಿದ್ದೇನೆ. ಲಾನ್‌ಯಿಂಗ್‌ಳ ಎದುರೇ ಇದನ್ನು ಓದಿಸಿಕೊಳ್ಳಬೇಕೆಂದು ಅವರ ಕೇಳಿಕೆ.

ಗುವೊ ವೆನ್‌ಹಾನ್

"ಅಪ್ಪಾ, ನಾನು ಲಾನ್‌ಯಿಂಗ್ ಅಮ್ಮ. ಆ ಕೊನೇ ಮನೆಯವ್ಳು.

"ನೀನು ಕಾಗದ್ದಲ್ಲಿ ಅರ್ಧ ಹೇಳಿ ಅರ್ಧ ನುಂಗಿದೀಯ. ನುಂಗಿದ್ದು ನನಗೋಸ್ಕರ ಅಂತ ನಂಗೆ ಗೊತ್ತು. ನೀನು ಬಾಯಿ ಬಿಟ್ಟು ನನ್ನ ಬೈದಿದ್ರೆ ನಾನೂ ತಿರುಗಿ ಬೈತಿದ್ದೆ, ಇಲ್ಲ ಅಂತಿದ್ದೆ. ಸುಮ್ನಿದ್ದು ನನ್ನ ಸಾಯಿಸಿಬಿಟ್ಟೆ. ಅದಕ್ಕೇ ನಾನೇ ಹೇಳ್ತೀನಿ. ಅವ್ಳು ಕೇಳಿಸ್ಕೊಳ್ಲಿ.

"ನೀನು ಬಾಗ್ಲು ಬಡಿದು ಓಡ್ದಾಗ ನಂಗೆ ಇಪ್ಪತ್ತೊಂಬತ್ತು ವರ್ಷ. ಹೊಟ್ಟೇಲಿ ಹುಟ್ಟಿದ ಎರಡೂ ಹೋಗಿದ್ವು. ಚಿಕ್ಕದು ಹೋಗಿ ನಲವತ್ತು ದಿನ ಆಗಿತ್ತು, ಎದೇಲಿ ಹಾಲು ಬತ್ತಿರ್ಲಿಲ್ಲ. ಬಾಗ್ಲು ತೆಗೆದ್ರೆ ಇವ್ಳು. ಮೂರು ವರ್ಷದವ್ಳು, ಆದ್ರೂ ಕುಡಿದ್ಳು.

"ಎರಡು ತಿಂಗ್ಳ ಮೇಲೆ, ಮೊದಲ್ನೇ ಹಿಮ ಬಿದ್ದ ದಿನ, ನೀನು ವಾಪಸ್ ಬಂದೆ. ಗೋಣಿಚೀಲ ತೊಟ್ಕೊಂಡಿದ್ದೆ, ಕಾಲಿಗೆ ಹುಲ್ಲು ಸುತ್ಕೊಂಡಿದ್ದೆ. ನಿನ್ನನ್ನ ಕಿಟಕೀಲಿ ನೋಡಿದ್ ಕೂಡ್ಲೇ ಯಾಕೆ ಬಂದೆ ಅಂತ ಗೊತ್ತಾಯ್ತು. ಇವ್ಳನ್ನ ಧಾನ್ಯದ ಪೆಟ್ಟಿಗೇಲಿ ಕೂರ್ಸಿ, ಬಾಯಿಗೆ ಜೋಳದ ರೊಟ್ಟಿ ತುರುಕಿ, ಮುಚ್ಚಳ ಹಾಕ್ದೆ. ನೀನು ಸೊಂಟದ ಮಟ್ಟಕ್ಕೆ ಕೈ ತೋರ್ಸಿ, ತೋಳು ತೋರ್ಸಿ ಕೇಳ್ದೆ. ನಾನು ತಲೆ ಅಲ್ಲಾಡ್ಸಿ, ನಿನ್ನ ಹಿತ್ತಲಿಗೆ ಕರ್ಕೊಂಡೋಗಿ, ಮಣ್ಣಿನ ಗುಡ್ಡೆ ತೋರಿಸ್ದೆ. ಅದು ನನ್ನ ಚಿಕ್ಕ ಮಗಳ ಗುಡ್ಡೆ.

"ನೀನು ಹಿಮದಲ್ಲಿ ಮಂಡಿ ಊರಿ ಅದಕ್ಕೆ ಕೈ ಮುಗ್ದೆ. ಆಮೇಲೆ ಎದ್ದು ನನಗೂ ಬಗ್ಗಿ ಕೈ ಮುಗ್ದೆ. ಮಣ್ಣು ಮಾಡಿದ್ಳಲ್ಲ ಪುಣ್ಯಾತ್ಗಿತ್ತಿ ಅಂತ. ಅಪ್ಪಾ, ಅವತ್ತಿಂದ ಹಿಮ ಬಿದ್ದಾಗೆಲ್ಲ ನೀನು ಬಗ್ಗಿದ್ದೇ ಕಣ್ಣಿಗೆ ಕಟ್ಟತ್ತೆ.

"ನಿಮ್ಮಮ್ಮ ನೀರು ತಣ್ಣಗಿತ್ತಾ ಅಂತ ಕೇಳಿ ಸತ್ಳು ಅಂತ ಅಳಿಯ ಓದ್ದ. ಅದು ನನ್ನ ಸುಳ್ಳಿಗೆ ಸತ್ತಿದ್ದು. ನಾನು ಕಳ್ಳಿ. ಬಂದು ಹೊಡೀಬೇಕು ಅನ್ನಿಸಿದ್ರೆ ಬಾ, ಹೊಡಿ. ಅವಳನ್ನ ಅಲ್ಲೇ ಇಟ್ಕೋಬೇಕು ಅನ್ನಿಸಿದ್ರೆ..."

ಇಲ್ಲಿ ಅತ್ತೆ ನಿಲ್ಲಿಸಿದರು. ಮುಂದೇನು ಬರೆಯಲಿ ಎಂದು ಕೇಳಿದೆ. "ಅದನ್ನ ಬರೀಬೇಡ," ಎಂದರು.

*

ಶಿಮೊಹೊರಾ
ಜೂನ್ 30, 1979

ಸಾನ್‌ಹೆತುನ್‌ನ ಅಮ್ಮನವರಿಗೆ,

ನಿಮ್ಮ ಕಾಗದ ಮೂರು ದಿನದ ಹಿಂದೆ ಬಂತು. ನೀವು ಕೇಳಿಕೊಂಡ ಹಾಗೆ ತಂಗಿಯ ಎದುರೇ ಕಿಕುಯೆ ಅಕ್ಕ ಓದಿದರು. ಓದಿ ಮುಗಿಸಿದ ಮೇಲೆ ತಂಗಿ ಎದ್ದು ಬಾವಿಕಟ್ಟೆಗೆ ಹೋಗಿ ಎಲ್ಲರ ಬಟ್ಟೆ ಒಗೆದಳು. ಒಗೆದದ್ದನ್ನೇ ಮತ್ತೆ ಒಗೆದಳು. ನಾವು ಯಾರೂ ತಡೆಯಲಿಲ್ಲ.

ನನಗೆ ಸಿಟ್ಟು ಬಂತು. ಮುಚ್ಚಿಡುವುದಿಲ್ಲ. ನೀವು ಅಂದು ಪೆಟ್ಟಿಗೆಯ ಮುಚ್ಚಳ ತೆಗೆದಿದ್ದರೆ ನನ್ನ ತಾಯಿ ಆ ಪ್ರಶ್ನೆ ಕೇಳಿ ಸಾಯುತ್ತಿರಲಿಲ್ಲ ಎಂದು ಒಂದು ಕಾಗದ ಬರೆಸಲು ಹೊರಟೆ. ಕಿಕುಯೆ ಅಕ್ಕ ಬರೆಯುತ್ತಾ ಬರೆಯುತ್ತಾ ಪೆನ್ನು ಕೆಳಗಿಟ್ಟರು. ತಮ್ಮ ಮಗುವನ್ನು ಕಳೆದುಕೊಂಡದ್ದನ್ನು ಬರೆಯುವಾಗಲೂ ನಿಲ್ಲಿಸದವರು.

"ತಮೋತ್ಸು, ಎತ್ಕೊಂಡು ಎಲ್ಲಿಗೆ ಹೋಗ್ತಿದ್ದೆ?" ಎಂದು ಕೇಳಿದರು.

ನಾನು ಎಲ್ಲಿಗೆ ಹೋಗುತ್ತಿದ್ದೆ ಎಂದು ನಿಮಗೆ ಗೊತ್ತಿಲ್ಲ, ಆದ್ದರಿಂದ ಹೇಳುತ್ತೇನೆ. ಪಟ್ಟಣದಲ್ಲಿ ನಮ್ಮನ್ನು ಒಂದು ಶಾಲೆಯಲ್ಲಿ ತುಂಬಿದ್ದರು. ಕಿಟಕಿಗಳಿಗೆ ಗಾಜಿರಲಿಲ್ಲ. ಬೇರೆ ಬೇರೆ ಗುಂಪುಗಳಿಂದ ಬಂದ ಸಣ್ಣ ಮಕ್ಕಳು ನಾನು ನಿಮ್ಮ ಮನೆಗೆ ಬಂದಾಗ ನಲವತ್ತೊಂದು. ಜ್ವರ ಬಂತು. ಚಳಿಗೆ ನೆಲ ಕಲ್ಲಾಗಿದ್ದರಿಂದ ಸತ್ತವರನ್ನು ಹೂಳಲಾಗದೆ ಅಂಗಳದ ಮೂಲೆಯಲ್ಲಿ ಹಿಮ ಮುಚ್ಚಿ ಇಡುತ್ತಿದ್ದೆವು, ಅದು ನನ್ನ ಕೆಲಸ. ಮಾರ್ಚಿನಲ್ಲಿ ಮಣ್ಣು ಮೆದುವಾದಾಗ ಉಳಿದಿದ್ದ ಮಕ್ಕಳು ಇಬ್ಬರು. ಅವಳನ್ನು ಬೆನ್ನಿಗೆ ಕಟ್ಟಿಕೊಂಡು ನಾನು ಆ ಶಾಲೆಗೇ ಹೋಗುತ್ತಿದ್ದೆ. ಬಹಳ ಸಂತೋಷದಿಂದ ಹೋಗುತ್ತಿದ್ದೆ.

ಇದು ತಿಳಿದ ಮೇಲೂ ಸಿಟ್ಟು ಪೂರ್ತಿ ಹೋಗಿಲ್ಲ. ನನ್ನ ತಾಯಿಯನ್ನು ನೆನೆದರೆ ಬರುತ್ತದೆ, ತಂಗಿ ತೋಟದಲ್ಲಿ ನಡೆದಾಡುವುದನ್ನು ನೋಡಿದರೆ ಹೋಗುತ್ತದೆ. ಹೀಗೆಯೇ ಇರುತ್ತದೆ ಎಂದು ಕಾಣುತ್ತದೆ.

ಅವಳು ಜುಲೈ ಎಂಟಕ್ಕೆ ಹೊರಡುತ್ತಾಳೆ, ಈ ಕಾಗದ ಅವಳಿಗಿಂತ ಮುಂಚೆ ಮುಟ್ಟುತ್ತದೋ ಇಲ್ಲವೋ ಗೊತ್ತಿಲ್ಲ. ಇನ್ನೂ ಸ್ವಲ್ಪ ದಿನ ಇರಲು ಕೇಳಿದೆ. "ಅಮ್ಮ ಊಟ ಬಿಟ್ಟಿದಾಳೆ," ಎಂದಳು. ನಿಮ್ಮನ್ನು ಅಮ್ಮ ಎಂದೇ ಅಂದಳು, ಕಾಗದ ಓದಿದ ಮೇಲೂ. ಇದನ್ನು ನೀವು ತಿಳಿದುಕೊಳ್ಳಬೇಕು ಅನಿಸಿತು. ನಿಮ್ಮ ಮುಂದೆ ಹೇಗೆ ನಿಲ್ಲುವುದೆಂದು ಅವಳಿಗೂ ಹೆದರಿಕೆಯಿದೆ.

ಪುರಸಭೆಯವರು ಅರ್ಜಿಯನ್ನು ವಾಪಸ್ಸು ಕಳಿಸಿದ್ದರು. ಸಹಿ ಸರಿಯಿದೆ, ಆದರೆ ಹಿಂದೆ ಮರಣವೆಂದು ತಪ್ಪಾಗಿ ಬರೆಸಲು ಏನು ಕಾರಣ ಎಂಬ ಜಾಗ ಖಾಲಿ ಇದೆ, ತುಂಬಿ ಕೊಡಿ ಎಂದರು. ನಿನ್ನೆ ನಾನೇ ಹೋಗಿದ್ದೆ. ಗುಮಾಸ್ತನ ಮೇಜಿನ ಮುಂದೆ ಪೆನ್ನು ಹಿಡಿದು ನಿಂತೆ. ಹಿಂದೆ ಸಾಲು ಬೆಳೆಯಿತು. ಕೊನೆಗೆ ಬರೆದೆ:

"ಮಗುವನ್ನು ಅದರ ತಾಯಿ ಬಚ್ಚಿಟ್ಟಿದ್ದಳು."

ಗುಮಾಸ್ತ ಓದಿ, ಯಾವ ತಾಯಿ ಎಂದು ಕೇಳಲಿಲ್ಲ. ಮುದ್ರೆ ಒತ್ತಿದ.

ಶಿಯೋಜಾವಾ ತಮೋತ್ಸು